ಶ್ರುತಿ ಕೊಡುವವಳು

ಎರಡನೆಯ ಹಾಡಿನ ಅರ್ಧದಲ್ಲಿ ಮೈದುನ ಕೈಯೆತ್ತಿ ಹಾಡು ನಿಲ್ಲಿಸಿದ. ತಬಲಾ ಎರಡು ಪೆಟ್ಟು ಮುಂದೆ ಹೋಗಿ, ತಡವರಿಸಿ ನಿಂತಿತು. ಕಾರ್ಖಾನೆಯ ಕ್ಯಾಂಟೀನಿನ ಊಟದ ಮೇಜುಗಳನ್ನು ಒಂದಕ್ಕೊಂದು ಜೋಡಿಸಿ, ಮೇಲೆ ಜಮಖಾನ ಹಾಸಿ ಮಾಡಿದ್ದ ವೇದಿಕೆ ಅದು. ಅವನು ಸಭೆಯ ಕಡೆಗೆ ಒಂದು ಹೆಜ್ಜೆ ಸರಿದಾಗ ಕಿರ್ರೆಂದಿತು. ಮೈಕನ್ನು ತುಟಿಗೆ ತಂದುಕೊಂಡು, ಹಾರ್ಮೋನಿಯಂ ಹಿಂದೆ ಕೂತಿದ್ದ ಅತ್ತಿಗೆಯತ್ತ ಹೆಬ್ಬೆರಳು ತೋರಿಸಿದ.

"ಕ್ಷಮಿಸಬೇಕು. ನಮ್ಮ ಅತ್ತಿಗೆಯವರು ಮನೇಲೂ ಹೀಗೇ. ಒಂದಿನ ಅಡುಗೆಗೆ ಉಪ್ಪು ಜಾಸ್ತಿ, ಒಂದಿನ ಕಮ್ಮಿ. ಇವತ್ತು ಶ್ರುತಿ ಕಮ್ಮಿ."

ಸಭೆ ಗೊಳ್ಳೆಂದು ನಕ್ಕಿತು. ಪಾಳಿ ಮುಗಿಸಿ ನೇರವಾಗಿ ಬಂದು ಕೂತಿದ್ದ ಜನ; ದಿನವಿಡೀ ಯಂತ್ರದ ಸದ್ದು ಕೇಳಿದ ಕಿವಿಗೆ ಒಂದು ನಗು ಬೇಕಿತ್ತು, ನಕ್ಕರು. ಅವರ ತಪ್ಪೇನೂ ಇರಲಿಲ್ಲ. ಮುಂದಿನ ಸಾಲಿನ ಹೆಂಗಸೊಬ್ಬಳು ತೊಡೆ ತಟ್ಟಿ ನಕ್ಕಿದ್ದು ಹಾರ್ಮೋನಿಯಂ ತನಕ ಕೇಳಿಸಿತು.

ಶ್ರುತಿ ಬಿಟ್ಟವನು ಅವನೇ. ಮೊದಲ ಹಾಡಿಗೆ ಬಿದ್ದ ಚಪ್ಪಾಳೆ ತಲೆಗೇರಿ, ಎರಡನೆಯದರ ಚರಣವನ್ನು ಒಂದು ಕೂದಲೆಳೆ ಮೇಲಕ್ಕೆ ಎತ್ತಿಕೊಂಡಿದ್ದ. ಅದರ ಮುಂದಿನ ಸಾಲಿಗೆ ಇನ್ನೊಂದು ಎಳೆ. ಹಾರ್ಮೋನಿಯಂ ಇದ್ದಲ್ಲೇ ಇತ್ತು. ಜಾರುವುದಕ್ಕೆ ಅದಕ್ಕೆ ಗಂಟಲಿಲ್ಲ. ಆದರೆ ಸಭೆಗೆ ಅದೆಲ್ಲ ಹೇಗೆ ಗೊತ್ತಾಗಬೇಕು? ಹಾರ್ಮೋನಿಯಂನವಳಿಗೆ ಶ್ರುತಿಜ್ಞಾನವಿಲ್ಲ ಎಂಬ ಮಾತು ಒಮ್ಮೆ ಅಂಟಿಕೊಂಡರೆ ತೊಳೆದರೂ ಹೋಗುವುದಿಲ್ಲ. ನಾಳೆಯಿಂದ ಅವಳನ್ನು ಯಾವ ತಂಡದವರು ಕರೆದಾರು? ಕರೆದರೂ ಯಾವ ಮುಖ ಹೊತ್ತು ಆ ಪೆಟ್ಟಿಗೆಯ ಮುಂದೆ ಕೂರುವುದು?

ಅವಳು ತಬಲಾ ಕಡೆ ನೋಡಿದಳು. ತಬಲಾದವನು ಅವಳ ಗಂಡ. ಅವನು ತಲೆ ತಗ್ಗಿಸಿ, ಸುತ್ತಿಗೆ ಎತ್ತಿಕೊಂಡು, ಚೆನ್ನಾಗಿಯೇ ಇದ್ದ ತಬಲಾದ ಅಂಚನ್ನು ಟಕಟಕ ಬಡಿಯುತ್ತಿದ್ದ. ತಮ್ಮನ ಮಾತು ಹದ ತಪ್ಪಿದಾಗೆಲ್ಲ, ಮನೆಯಲ್ಲೂ, ಇವನಿಗೆ ಯಾವುದಾದರೊಂದು ರಿಪೇರಿ ಕೆಲಸ ನೆನಪಾಗುವುದಿತ್ತು.

"ಶುರು ಮಾಡಿ ಅತ್ತಿಗೆ. ಈ ಸಲ ಸ್ವಲ್ಪ ನನ್ನ ಜೊತೆಗೇ ಬನ್ನಿ," ಎಂದ ಮೈದುನ, ಮೈಕಿನಲ್ಲೇ.

ಎದ್ದು ಹೋಗಬಹುದಿತ್ತು. ಅವನು ಎತ್ತಿದ ಕಡೆಗೆ ಬೆರಳು ಸರಿಸಿ, ಆಯಿತಪ್ಪ ನೀನೇ ಸರಿ ಎಂದು ಒಪ್ಪಿಕೊಳ್ಳಬಹುದಿತ್ತು. ಅಥವಾ ಅವನು ಹಾಡುತ್ತಿದ್ದಂತೆ ನುಡಿಸುವುದನ್ನು ಥಟ್ಟನೆ ನಿಲ್ಲಿಸಿ, ಆಸರೆ ತಪ್ಪಿದ ಆ ದನಿ ಎಲ್ಲೆಲ್ಲಿ ಅಲೆಯುತ್ತದೆಂದು ಸಭೆಗೇ ತೋರಿಸಿಕೊಡಬಹುದಿತ್ತು. ಬೆರಳು ಅದಕ್ಕೂ ಒಮ್ಮೆ ತುಡಿಯಿತು. ಆದರೆ ಅರ್ಧಕ್ಕೆ ನಿಂತ ಹಾಡು, ಬಾಗಿಲಲ್ಲೇ ನಿಲ್ಲಿಸಿದ ನೆಂಟರ ಹಾಗೆ, ಕಾಯುತ್ತಿತ್ತು. ಹಾಡು ಯಾರಿಗೇನು ಮಾಡಿತ್ತು? ಅವಳು ಬೆನ್ನು ನೆಟ್ಟಗೆ ಮಾಡಿಕೊಂಡಳು. ಷಡ್ಜದ ಮೇಲೆ ಬೆರಳಿಟ್ಟು ತಿದಿಯೊತ್ತಿದಳು.

ಒಂದೇ ಸ್ವರ. ಮೈದುನ ಕಾದ. ಸ್ವರ ಮುಂದೆ ಹೋಗಲಿಲ್ಲ.

"ಹಾಡು ನುಡಿಸಿ ಅತ್ತಿಗೆ, ಕಾರ್ಖಾನೆ ಸೈರನ್ನು ಬೇಡ," ಎಂದ. ಒಂದಿಷ್ಟು ಜನ ನಕ್ಕರು, ಮೊದಲಿನಷ್ಟಲ್ಲ. ಅವಳು ಬೆರಳು ಎತ್ತಲಿಲ್ಲ. ತಿದಿ ಅವಸರವಿಲ್ಲದೆ ತೆರೆದು ಮುಚ್ಚುತ್ತಿತ್ತು, ನಿದ್ದೆಹೋದ ಮಗುವಿನ ಎದೆಯ ಹಾಗೆ. ನಗು ಬತ್ತಿತು. ಪಿಸುಮಾತೂ ನಿಂತಿತು. ಫ್ಯಾನಿನ ಗರಗರ, ಹಿಂದೆಲ್ಲೋ ಪಾತ್ರೆ ತೊಳೆಯುವ ನಲ್ಲಿಯ ಸದ್ದು, ಎಲ್ಲದರ ಅಡಿಯಲ್ಲಿ ಆ ಒಂದು ಸ್ವರ ನೆಲದಂತೆ ಹಾಸಿಕೊಂಡಿತು. ತೊಡೆ ತಟ್ಟಿ ನಕ್ಕವಳು ಈಗ ಗಲ್ಲಕ್ಕೆ ಕೈಯೂರಿ ಕೂತಿದ್ದಳು. ಗೋಡೆಗೊರಗಿ ನಿಂತಿದ್ದ ಕಾವಲುಗಾರ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಯಾಕೆಂದು ಅವನಿಗೂ ಗೊತ್ತಿರಲಾರದು.

ಮೈದುನ ತನ್ನ ಮೈಕನ್ನು ಬೆನ್ನ ಹಿಂದೆ ಹಿಡಿದು ಬಗ್ಗಿ, ಹಾರ್ಮೋನಿಯಂಗೆಂದು ಅವಳ ಮುಂದಿಟ್ಟಿದ್ದ ಇನ್ನೊಂದು ಮೈಕನ್ನು ಅಂಗೈಯಲ್ಲಿ ಮುಚ್ಚಿದ. "ಏನಿದು ಅತ್ತಿಗೆ? ಎಲ್ಲರೆದುರು ನನ್ನ ಮಾನ ಕಳೀತೀರಾ?"

"ಕಳೆಯೋದಾಗಿದ್ರೆ ಈ ಬೆರಳು ಎತ್ತಿದ್ರೆ ಸಾಕಿತ್ತು. ಶ್ರುತಿ ಕೊಡ್ತಾ ಇದೀನಿ. ತಗೋ."

"ಒಂದು ತಮಾಷೆ ಮಾಡಿದೆ. ಅಷ್ಟಕ್ಕೇ..."

"ಮನೆಗೆ ಹೋದ್ಮೇಲೆ ಮಾಡು, ನಾನೂ ನಗ್ತೀನಿ. ಇಲ್ಲಿ ನಾನು ನಿನ್ನ ಅತ್ತಿಗೆ ಅಲ್ಲ. ಹಾರ್ಮೋನಿಯಂನವಳು."

ಪಕ್ಕದಲ್ಲಿ ಟಕಟಕ ನಿಂತಿತು. ಗಂಡ ಸುತ್ತಿಗೆಯನ್ನು ಕೆಳಗಿಟ್ಟ. ಮೊದಲು ಹೆಂಡತಿಯ ಬೆರಳನ್ನು, ಆಮೇಲೆ ತಮ್ಮನ ಮುಖವನ್ನು ನೋಡಿದ. ತಬಲಾದ ಮೇಲೆ ಒಂದೇ ಒಂದು ಸಲ ಬೆರಳಾಡಿಸಿದ. ಅದೂ ಅದೇ ಸ್ವರ.

ಮೈದುನ ಮೈಕಿನಿಂದ ಕೈ ತೆಗೆದ. ಸಭೆಗೆ ಬೆನ್ನು ಮಾಡಿ, ಹಾರ್ಮೋನಿಯಂಗೆ ಎದುರಾಗಿ ನಿಂತು, ಗಂಟಲು ಸರಿಮಾಡಿಕೊಂಡು 'ಆ' ಎಂದು ದನಿ ತೆಗೆದ. ಈಗ ಕ್ಯಾಂಟೀನಿನಲ್ಲಿ ಕೂತಿದ್ದ ಎಲ್ಲರಿಗೂ ಕೇಳಿಸಿತು: ಎರಡು ಸ್ವರ, ನಡುವೆ ಒಂದು ಸಂದು.

ಅವಳು ತಲೆಯೆತ್ತಲಿಲ್ಲ. ಮಾತಿನಲ್ಲಿ ಸಿಟ್ಟಿರಲಿಲ್ಲ, ಸಲಿಗೆಯೂ ಇರಲಿಲ್ಲ.

"ಇನ್ನೊಂಚೂರು ಇಳಿಯಪ್ಪ."

ತೆರೆದಿದ್ದ ಮೈಕು ಆ ಮಾತನ್ನು ಕೊನೆಯ ಕುರ್ಚಿಯವರೆಗೂ ಒಯ್ದಿತು. ಯಾರೂ ನಗಲಿಲ್ಲ.

ಅವನು ಇಳಿದ.