ಕುಂಬಾರ ಓಣಿಯ ಆನೆ

ನೀಲಾಂಬಿಕೆ ಚದುರಂಗದ ಮಣೆಯ ಮೇಲಿನ ಕುದುರೆ ನಡೆಸಲೆಂದು ಕೈ ಚಾಚಿದಳು. ಕಣ್ಣು ಗಡಿಯಾರದ ಮೇಲಿತ್ತು; ಬೆರಳುಗಳು ಪಕ್ಕದ ಆನೆಯನ್ನು ಹಿಡಿದುಬಿಟ್ಟವು. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಎಲ್ಲಿಗೆ ನಡೆಸಿದರೂ ಅದಕ್ಕೆ ಉಳಿಗಾಲವಿರಲಿಲ್ಲ. ನಡೆಸಿದಳು. ಹೊಳೆಯ ಆಚೆ ದಂಡೆಯ ಊರಿನ ಎದುರಾಳಿಯ ಒಂಟೆ ಬಂದು ಅದನ್ನು ಹೊಡೆಯಿತು.

ವರ್ಷಕ್ಕೊಮ್ಮೆ ನಡೆಯುವ ಈ ಚದುರಂಗದಲ್ಲಿ ಗೆದ್ದ ಊರಿಗೆ ಹೊಳೆಯ ನೀರು. ಒಂದೊಂದು ಕಾಯಿಯೂ ಒಂದೊಂದು ಓಣಿ. ಹೋದ ಕಾಯಿಯ ಓಣಿಗೆ, ಊರು ಗೆದ್ದರೂ, ಮುಂದಿನ ಆಟದವರೆಗೆ ನಲ್ಲಿ ಬಂದ್. ಆ ಆನೆ ಕುಂಬಾರ ಓಣಿಯದು.

ಅವಳ ಅಜ್ಜನ ಕಾಲದಲ್ಲಿ, ಬದಲಿಗೆ ಏನೂ ಗಿಟ್ಟಿಸದೆ ಕಾಯಿ ಕೊಟ್ಟವನನ್ನು ಜನ ಕಲ್ಲು ಹೊಡೆದು ಊರು ಬಿಡಿಸುತ್ತಿದ್ದರು. ಆಮೇಲೆ ಯಾವನೋ ಒಬ್ಬ ಹಾಗೇ ಆನೆ ಕೊಟ್ಟು, ಎದುರಾಳಿಯನ್ನು ಮೆಲ್ಲಗೆ ಉಸಿರುಗಟ್ಟಿಸಿ ಗೆದ್ದ. ಅಂದಿನಿಂದ, ಲಾಭ ಕಣ್ಣಿಗೆ ಕಾಣದಷ್ಟೂ ಬಲಿ ದೊಡ್ಡದು ಅನ್ನುವ ನಂಬಿಕೆ ಬೇರೂರಿತು.

ಸಭಾಂಗಣವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. "ಇಂಥಾ ಬಲಿ ನಾನೂ ಕಂಡಿಲ್ಲ," ಎಂದು ಅವಳ ಗುರುಗಳು ಕಣ್ಣೊರೆಸಿಕೊಂಡರು.

ಕುಂಬಾರ ಓಣಿಯ ಹಿರಿಯಳು ಬಸಲಿಂಗವ್ವ, ಪದ್ಧತಿಯಂತೆ ತನ್ನ ಓಣಿಯ ಕೊಡ ಬೋರಲು ಹಾಕಲು ಎದ್ದಳು. ಅದಕ್ಕೂ ಮೊದಲು ಆ ಕೊಡದಿಂದ ಒಂದು ಲೋಟ ನೀರು ಬಗ್ಗಿಸಿ ಹುಡುಗಿಯ ಮುಂದೆ ಹಿಡಿದಳು.

"ಇದರಾಗ ಏನೋ ದೊಡ್ಡ ಲೆಕ್ಕ ಐತಲ್ಲವ್ವಾ?"

ನಿಜ ಹೇಳಲು ನೀಲಾಂಬಿಕೆ ಬಾಯಿ ತೆರೆದಳು. ಮುದುಕಿಯ ಮುಖ ಹೆಮ್ಮೆಯಿಂದ ಅರಳಿತ್ತು.

"ಐತಿ, ಆಯಿ."

"ನಮಗ ಅಷ್ಟಾದ್ರ ಸಾಕು. ಕುಡಿಯವ್ವಾ, ಗಂಟಲ ಒಣಗಿರಬೇಕು."

ನೀಲಾಂಬಿಕೆ ಕಣ್ಣು ಮುಚ್ಚಿಕೊಂಡು, ಒಂದು ಹನಿಯೂ ಉಳಿಸದೆ ಕುಡಿದಳು.