ಐದನೆಯ ಮುಖಪುಟ

“ಕಪ್ಪು ಪಟ್ಟಿಗಳೆಲ್ಲ ಅಕ್ಷರದ ಮೇಲೇ ಕೂತುಬಿಟ್ಟಿದ್ವು ಕಣಮ್ಮ. ಒಂದೂ ಬಿಡದೆ ತೆಗೆದುಹಾಕಿದೀನಿ,” ಎಂದು ಮುದ್ರಣಾಲಯದ ಹಿರಿಯಣ್ಣ ಪ್ರೂಫ್ ಹಾಳೆಯನ್ನು ಪ್ರಕಾಶಕರ ಮೇಜಿನ ಮೇಲೆ ಹರಡಿದಾಗ ಕಲಾವಿದೆಯ ಜೀವ ಬಾಯಿಗೆ ಬಂತು.

ಸರ್ಕಾರ ಜನರಿಂದ ಏನೇನು ಮುಚ್ಚಿಡುತ್ತದೆ ಎಂಬುದರ ಬಗ್ಗೆ ಪುಸ್ತಕ. ಮುಖಪುಟಕ್ಕೆ ಅವಳು ಮೊದಲು ಬೀಗ ಬರೆದಳು. “ಇದೇನು, ಬೀಗದ ಅಂಗಡಿ ಬೋರ್ಡಾ?” ಎಂದರು ಪ್ರಕಾಶಕರು. ಕೀಲಿಕಿಂಡಿಯಲ್ಲಿ ಕಣ್ಣು ಬರೆದರೆ ಪತ್ತೇದಾರಿ ಕಾದಂಬರಿ ಎಂದರು. ಕೆಂಪು ಮೊಹರು, ದಾರ ಕಟ್ಟಿದ ಕಡತ, ಅವೂ ಬಿದ್ದುಹೋದವು. “ಇನ್ನೊಂದೇ ಸಲ. ಆಮೇಲೆ ನಮ್ಮ ಬಾಮೈದನಿಗೆ ಕೊಡ್ತೀನಿ,” ಎಂದುಬಿಟ್ಟರು. ಅವಳಿಗೆ ಸಿಕ್ಕ ಮೊದಲ ದೊಡ್ಡ ಪುಸ್ತಕ ಅದು. ಆ ಬಾಮೈದನ ಪಾಲಾಗುತ್ತದೆಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಐದನೆಯದಕ್ಕೆ ಸರ್ಕಾರಿ ಪತ್ರದಂಥ ಹಾಳೆ ಮಾಡಿ, ಸಾಲುಗಳ ಮೇಲೆ ಕಪ್ಪು ಪಟ್ಟಿ ಎಳೆದಳು. ಪಟ್ಟಿಗಳ ಅಡಿಯಲ್ಲಿ ಏನಾದರೂ ಬರಹ ಬೇಕಿತ್ತಲ್ಲ? ಹೇಗೂ ಯಾರಿಗೂ ಕಾಣದು ಎಂದು ಮನಸ್ಸಿನಲ್ಲಿದ್ದುದನ್ನೆಲ್ಲ ಕಕ್ಕಿದ್ದಳು. ಹಿರಿಯಣ್ಣನೋ, ತಪ್ಪು ಕಂಡರೆ ತಿದ್ದದೆ ಬಿಡುವ ಆಸಾಮಿಯಲ್ಲ.

“ಸರ್, ಅದು ಹಳೇ ಪ್ರೂಫು...” ಎಂದು ಕೈಚಾಚಿದಳು.

“ಇರಮ್ಮ.” ಪ್ರಕಾಶಕರು ಕನ್ನಡಕ ಏರಿಸಿ ಗಟ್ಟಿಯಾಗಿ ಓದತೊಡಗಿದರು. “ಸಾಹೇಬರು ಈ ಪುಸ್ತಕ ಓದಿಲ್ಲ. ಹಿಂದೆ ತಾವೇ ಪ್ರಕಟಿಸಿದ ಮೂರನ್ನೂ ಓದಿಲ್ಲ. ಅವರಿಗೆ ನೀಲಿಗೂ ನೇರಳೆಗೂ ವ್ಯತ್ಯಾಸ ತಿಳಿಯದು. ಅವರ ಬಾಮೈದ ಬೆಕ್ಕಿನ ಚಿತ್ರ ಬರೆದರೆ ಕೆಳಗೆ ಬೆಕ್ಕು ಅಂತ ಹೆಸರು ಹಾಕಬೇಕು.”

ಹಿರಿಯಣ್ಣ ಫ್ಯಾನಿನ ರೆಕ್ಕೆ ಎಣಿಸತೊಡಗಿದ. ಕೆಲಸ ಹೋಯಿತೆಂದು ಕಲಾವಿದೆ ಬ್ಯಾಗನ್ನು ಹೆಗಲಿಗೇರಿಸಿದಳು. ಅಷ್ಟರಲ್ಲಿ ಪ್ರಕಾಶಕರ ಹೊಟ್ಟೆ ಕುಲುಕತೊಡಗಿತು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಡ್ರಾಯರಿನಿಂದ ದಪ್ಪ ಕಪ್ಪು ಪೆನ್ನು ತೆಗೆದರು. ಮೊದಲ ಮೂರು ಸಾಲುಗಳ ಮೇಲೆ ನಿಧಾನವಾಗಿ ಎಳೆದರು. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಇನ್ನೊಂದು ಸಲ ಎಳೆದರು.

“ಮುಖಪುಟ ಪಾಸಾಯ್ತು. ಇದನ್ನೇ ಹಾಕಿ.”

“ಸರ್... ಕೊನೇ ಸಾಲು?”

“ಅದು ಹಾಗೇ ಇರ್ಲಿ,” ಎಂದರು ಪ್ರಕಾಶಕರು, ಪೆನ್ನಿಗೆ ಮುಚ್ಚಳ ಹಾಕುತ್ತ. “ಸತ್ಯ ತಿಳಿಯೋ ಹಕ್ಕು ಜನಕ್ಕೆ ಇದೆಯಮ್ಮ.”