ಹಾಲಮ್ಮನ ದುಃಖ, ಮೂರು ವರ್ಷದ ಲೈಸೆನ್ಸು

ವಿಮಾ ಏಜೆಂಟರು ಲೈಸೆನ್ಸ್ ನವೀಕರಿಸಿಕೊಳ್ಳಬೇಕಾದರೆ ತರಬೇತಿ ಕೇಂದ್ರದ ಕುರ್ಚಿಯಲ್ಲಿ ಕೂತು, ಕ್ಲೇಮು ಸಿಗದೆ ಹೋದ ಯಾರದಾದರೂ ದುಃಖವನ್ನು ತಲೆಗೆ ಹಾಕಿಸಿಕೊಳ್ಳಲೇಬೇಕು. ಪ್ರಭಾವತಿಗೆ ಅದೇನೂ ಹೊಸದಲ್ಲ.

"ಬೈಕು ಕಳುವಾದದ್ದೇನಾದರೂ ಇದ್ದರೆ ಹಾಕಪ್ಪಾ ರುದ್ರೇಶ, ಸಂಜೆ ರಿಸೆಪ್ಷನ್ನಿಗೆ ಹೋಗಬೇಕು," ಎಂದಳು.

"ಈ ಸಲ ನಿಮ್ಮ ಗಿರಾಕಿಯದೇ ಬಂದಿದೆ ಮೇಡಂ. ಹಾಲಮ್ಮ ಅಂತ," ಎನ್ನುತ್ತ ಆಪರೇಟರ್ ರುದ್ರೇಶ ಅವಳ ತಲೆಗೆ ತಂತಿಗಳ ಟೋಪಿ ಬಿಗಿದ.

ಹಾಲಮ್ಮನ ಗಂಡ ತನಗೆ ಸಕ್ಕರೆ ಕಾಯಿಲೆ ಇದೆಯೆಂದು ಬಾಯಿಬಿಟ್ಟು ಹೇಳಿದ್ದ. ಪಾಲಿಸಿ ಸಲೀಸಾಗಿ ಪಾಸಾಗಲೆಂದು ಅರ್ಜಿಯಲ್ಲಿ 'ಇಲ್ಲ' ಎಂದು ಬರೆದವಳು ಪ್ರಭಾವತಿಯೇ. ಅವನು ಸತ್ತಾಗ, ಕಾಯಿಲೆ ಮುಚ್ಚಿಟ್ಟಿದ್ದನೆಂದು ಕಂಪನಿ ಕ್ಲೇಮನ್ನು ತಳ್ಳಿಹಾಕಿತ್ತು.

ಹಾಲಮ್ಮನ ಹಿಡಿಶಾಪ ಕೇಳಲು ಹಲ್ಲುಕಚ್ಚಿ ಕೂತಳು. ಶಾಪವೇನೋ ಇತ್ತು, ಆದರೆ ಇವಳಿಗಲ್ಲ. ತಲೆಯೊಳಗೆ ಮೂಡಿದ ಮನೆಯಲ್ಲಿ ಹಾಲಮ್ಮ ಗಂಡನ ಫೋಟೋವನ್ನು ಗೋಡೆಗೆ ಮುಖಮಾಡಿ ತಿರುಗಿಸುತ್ತಿದ್ದಳು: "ಕಾಯಿಲೆ ಮುಚ್ಚಿಟ್ಟು ನಮ್ಮನ್ನ ಬೀದಿಗೆ ತಂದ್ರಲ್ಲ! ನಮ್ಮನೇಲಿ ಕಾಫಿ ಕುಡಿದು ಪಾಲಿಸಿ ಮಾಡ್ಸಿದ ಆ ಅಕ್ಕೋರಿಗೂ ಕೆಟ್ಟ ಹೆಸರು ತಂದ್ರಲ್ಲ!"

ಟೋಪಿ ತೆಗೆದಾಗ ಪ್ರಭಾವತಿಯ ಕೆನ್ನೆ ತೊಯ್ದಿತ್ತು.

"ಕಣ್ಣೀರು ಬಂತಲ್ಲ, ಪಾಸಾದ್ರಿ ಮೇಡಂ. ಇನ್ನು ಮೂರು ವರ್ಷ ಯೋಚನೆಯಿಲ್ಲ," ಎಂದ ರುದ್ರೇಶ.

ಸಂಜೆ ರಿಸೆಪ್ಷನ್ನಿನ ಊಟದಲ್ಲಿ ಪಕ್ಕದ ಎಲೆಯವರು ಪಾಲಿಸಿ ವಿಚಾರಿಸಿದರು. "ಆದರೆ ನನಗೆ ಬಿ.ಪಿ. ಇದೆಯಲ್ಲಮ್ಮ?"

ಪ್ರಭಾವತಿ ಬಾಯಿಗೆ ಒಯ್ದ ತುತ್ತನ್ನು ಎಲೆಗಿಳಿಸಿದಳು. ಆಮೇಲೆ ನಕ್ಕಳು.

"ಅದನ್ನೆಲ್ಲ ಯಾಕೆ ಬರೆಯೋದು, ಬಿಡಿ. ನಾಳೆ ಮನೆಗೇ ಬರ್ತೀನಿ, ಕಾಫಿ ಕುಡೀತಾ ಮಾತಾಡೋಣ."